ಮುಪ್ಪಿಗೆ ಮದ್ದು ಮಣ್ಣಿನಲ್ಲಿದೆಯೇ?

ಮುಪ್ಪನ್ನು ವಿಜ್ಞಾನ ತಡೆಯಬಲ್ಲುದೇ? ಈ ಪ್ರಶ್ನೆಗೆ ಸಿಕ್ಕಿರುವ ಗಟ್ಟಿ ಸುಳಿವುಗಳಲ್ಲೊಂದು ಬಂದದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಿಂದ. 1964ರಲ್ಲಿ ಅಲ್ಲಿಗೆ ಹೋದ ಕೆನಡಾದ ವೈದ್ಯಕೀಯ ತಂಡ ಒಂದಿಷ್ಟು ಮಣ್ಣನ್ನೂ ಹೊತ್ತು ತಂದಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನಲ್ಲಿ ಸುರೇಂದ್ರನಾಥ್ ಸೆಹಗಲ್ ಮತ್ತು ಸಂಗಡಿಗರು ಹೊಸ ರಾಸಾಯನಿಕವೊಂದನ್ನು ಬೇರ್ಪಡಿಸಿದರು. ದ್ವೀಪದವರ ಬಾಯಲ್ಲಿ ಆ ನೆಲ ರಾಪಾ ನೂಯಿ; ಹಾಗಾಗಿ ಇದು ರಾಪಮೈಸಿನ್. ಅವರು ದುಡಿಯುತ್ತಿದ್ದ ಔಷಧ ಕಂಪನಿ ಆಸಕ್ತಿ ಕಳೆದುಕೊಂಡಾಗ ಸೆಹಗಲ್ ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಉಳಿಸಿಕೊಂಡರು. (ಆ ಮನೆಯವರ ತಾಳ್ಮೆಗೂ ಒಂದು ಬಹುಮಾನ ಸಲ್ಲಬೇಕಿತ್ತು!) 1999ರಲ್ಲಿ ರಾಪಮೈಸಿನ್ ಕಿಡ್ನಿ ಕಸಿಯಾದವರ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಬೆರಗು ಹುಟ್ಟಿಸಿದ್ದು 2009ರ ಫಲಿತಾಂಶ. ಅಮೆರಿಕದ ಮೂರು ಪ್ರಯೋಗಾಲಯಗಳು 600 ದಿನ ತುಂಬಿದ ಇಲಿಗಳಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಅರವತ್ತರ ಆಸುಪಾಸಿನವಕ್ಕೆ, ಆಹಾರದಲ್ಲಿ ರಾಪಮೈಸಿನ್ ಬೆರೆಸಿ ಕೊಟ್ಟವು. ಹೆಣ್ಣಿಲಿಗಳ ಆಯಸ್ಸು ಸುಮಾರು ಶೇ. 14, ಗಂಡಿಲಿಗಳದು ಶೇ. 9ರಷ್ಟು ಹಿಗ್ಗಿತು. ಅಷ್ಟು ತಡವಾಗಿ ಶುರುಮಾಡಿದರೂ!

ಇದು ಹೇಗೆ? ಜೀವಕೋಶದಲ್ಲಿ ಎಮ್‌ಟಾರ್ ಎಂಬ ಪ್ರೋಟೀನ್ ಇದೆ. ಪೋಷಕಾಂಶ ಹೇರಳವಾಗಿದ್ದಾಗ ಬೆಳೆಯಲು ಅಪ್ಪಣೆ ಕೊಡುವುದು ಅದರ ಕೆಲಸ. ರಾಪಮೈಸಿನ್ ಅದರ ಬಾಯಿ ಕಟ್ಟುತ್ತದೆ. ಆಗ ಕೋಶವು ಒಳಗಿನ ಕಸ ಗುಡಿಸಿ, ಹಾಳಾದದ್ದನ್ನು ಕರಗಿಸಿ ಬಳಸಿಕೊಳ್ಳುತ್ತದೆ. ಉಪವಾಸದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ತೊಡಕೆಂದರೆ ರೋಗನಿರೋಧಕ ಕೋಶಗಳೂ ಅದೇ ಅಪ್ಪಣೆಗೆ ಕಾಯುತ್ತವೆ. ಕಸಿಯಾದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಮಾಡುವ ಗುಣವೇ ಆರೋಗ್ಯವಂತನಿಗೆ ಸೋಂಕಿನ ಭಯ ತರಬಲ್ಲುದು. ಚಿರಯೌವನದ ಬೆನ್ನುಹತ್ತಿರುವ ಅಮೆರಿಕದ ಸಿರಿವಂತ ಬ್ರಯಾನ್ ಜಾನ್ಸನ್ ಹಲವು ವರ್ಷ ರಾಪಮೈಸಿನ್ ನುಂಗಿ, ಅಡ್ಡಪರಿಣಾಮಗಳ ಕಾರಣ ಕೊಟ್ಟು 2024ರಲ್ಲಿ ಬಿಟ್ಟರು.

ಇನ್ನೊಂದು ದಾರಿ ಜಪಾನಿನ ಶಿನ್ಯಾ ಯಾಮಾನಾಕಾ ಅವರದು. ನಾಲ್ಕು ಜೀನ್‌ಗಳನ್ನು ಚುರುಕುಗೊಳಿಸಿ ಬೆಳೆದ ಕೋಶವನ್ನು ಭ್ರೂಣಾವಸ್ಥೆಯಂಥ ಸ್ಥಿತಿಗೆ ಮರಳಿಸಬಹುದೆಂದು 2006ರಲ್ಲಿ ತೋರಿಸಿ, 2012ರಲ್ಲಿ ನೊಬೆಲ್ ಪಡೆದರು. ಆದರೆ ಜೀವಂತ ಇಲಿಯಲ್ಲಿ ಅವನ್ನು ಸುಮ್ಮನೆ ಓಡಲು ಬಿಟ್ಟರೆ ಗಡ್ಡೆಗಳೇಳುತ್ತವೆ. ಕೋಶ ಮುದಿಯಾಗಿ ವಿಭಜನೆ ನಿಲ್ಲಿಸುವುದು ಒಂದರ್ಥದಲ್ಲಿ ಕ್ಯಾನ್ಸರ್ ವಿರುದ್ಧದ ಕಾವಲು. ಆ ಕಾವಲನ್ನೇ ಕಿತ್ತು ಯೌವನ ಪಡೆಯುವ ಆಸೆಯನ್ನು ನಾನಂತೂ ನಂಬಲಾರೆ. ಮುಪ್ಪು ನಿಧಾನವಾದೀತು, ನಿಲ್ಲಲಾರದು.

ಮನುಷ್ಯನ ಆಯಸ್ಸು ಎಷ್ಟು ಹಿಗ್ಗೀತೆಂಬ ಬಗ್ಗೆ ಪಂಡಿತರಲ್ಲೂ ಒಮ್ಮತವಿಲ್ಲ. ದಾಖಲೆಯ ಪ್ರಕಾರ ಅತಿ ಹೆಚ್ಚು ಬದುಕಿದ ಫ್ರಾನ್ಸಿನ ಜಾನ್ ಕಾಲ್ಮಾ 1997ರಲ್ಲಿ ತೀರಿಕೊಂಡಾಗ ಆಕೆಗೆ 122 ವರ್ಷ. 2150ರೊಳಗೆ ಯಾರಾದರೂ 150 ಮುಟ್ಟುತ್ತಾರೆಂದು ಮುಪ್ಪಿನ ಸಂಶೋಧಕ ಸ್ಟೀವನ್ ಆಸ್ಟಾಡ್, ಇಲ್ಲವೆಂದು ಇನ್ನೊಬ್ಬ ಸಂಶೋಧಕ ಜೇ ಒಲ್ಶಾನ್ಸ್ಕಿ ಬಾಜಿ ಕಟ್ಟಿದ್ದಾರೆ. ಹೂಡಿದ ಹಣ ಬೆಳೆಯುತ್ತಲೇ ಇದೆ. ಗೆದ್ದವರ ವಾರಸುದಾರರ ಪಾಲಿಗೆ.