ಉತ್ತರ ದೇಶಗಳ ಚಳಿಗಾಲದಲ್ಲಿ ಓಟ

ಧನುರ್ಮಾಸದ ಬೆಳಗಿನ ಜಾವದಲ್ಲಿ ಕಂಬಳಿಯನ್ನು ಬಿಟ್ಟೇಳುವುದೇ ಒಂದು ಸಾಹಸವೆಂದು ಭಾವಿಸತಕ್ಕ ನಮಗೆ ಚಳಿಯೆಂಬ ಮಾತಿನ ಅರ್ಥವು ಪೂರ್ತಿಯಾಗಿ ತಿಳಿದಿದೆಯೆಂದು ಹೇಳಲಾಗದು. ಬೆಂಗಳೂರಿನಲ್ಲಿ ಇದುವರೆಗೆ ದಾಖಲೆಯಾಗಿರುವ ಅತ್ಯಂತ ಕಡಮೆ ಉಷ್ಣತೆಯು 7.8 ಡಿಗ್ರಿ ಸೆಂಟಿಗ್ರೇಡು. ಅದು 1884ನೆಯ ಇಸವಿ ಜನವರಿ 13ನೆಯ ತಾರೀಖಿನದು. ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ಜನವರಿ ತಿಂಗಳಿನಲ್ಲಿ ಅಷ್ಟು ಬೆಚ್ಚನೆಯ ದಿನವೊಂದು ಒದಗಿದರೆ ಅಲ್ಲಿನ ಜನರು ವಸಂತವೇ ಬಂದಿತೆಂದು ಕೋಟನ್ನು ಕಳಚಿಡುವರು. ಚಳಿಯೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಡಿಸೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಅಲ್ಲಿ ಸೂರ್ಯನು ಹುಟ್ಟುವುದು ಬೆಳಗ್ಗೆ ಒಂಬತ್ತು ಗಂಟೆಯ ಮೇಲೆ ಇಪ್ಪತ್ತು ನಿಮಿಷಗಳಾದ ಬಳಿಕ. ಮಧ್ಯಾಹ್ನ ಮೂರೂಕಾಲರೊಳಗಾಗಿ ಅವನು ಮುಳುಗಿಯೇ ಹೋಗುವನು. ಇನ್ನೂ ಉತ್ತರಕ್ಕಿರುವ ನಾರ್ವೆಯ ಟ್ರೋಮ್ಸೊ ನಗರದಲ್ಲಿಯಾದರೋ ನವೆಂಬರ್ ತಿಂಗಳ ಕೊನೆಯಿಂದ ಜನವರಿಯ ಮಧ್ಯದವರೆಗೆ ಸೂರ್ಯೋದಯವೆಂಬುದೇ ಇಲ್ಲ. ಕಚೇರಿಗೂ ಶಾಲೆಗೂ ಹೋಗಿಬರತಕ್ಕ ಮನುಷ್ಯನು ಅಲ್ಲಿ ಬಯಲಿನಲ್ಲಿ ಓಡಬೇಕಾದರೆ ಕತ್ತಲೆಯಲ್ಲಿ ಓಡಬೇಕು, ಇಲ್ಲವೆ ವರ್ಷದಲ್ಲಿ ಐದು ತಿಂಗಳು ಓಟವನ್ನೇ ಮರೆಯಬೇಕು. ಆದರೂ ಅಲ್ಲಿ ಓಡುವವರು ಬಹುಮಂದಿ ಇದ್ದಾರೆ. ಅವರ ದೇಹವು ಆ ಚಳಿಯನ್ನು ಹೇಗೆ ತಡೆಯುತ್ತದೆ, ನಿಜವಾದ ಅಪಾಯವಿರುವುದೆಲ್ಲಿ ಎಂಬುದನ್ನು ನಾವು ಈ ಹೊತ್ತು ವಿಚಾರಮಾಡೋಣ.

ಇದು ಬರಿಯ ಹವ್ಯಾಸದ ಮಾತಲ್ಲ. ದೂರದ ಓಟಗಳಲ್ಲಿ ಲೋಕವನ್ನು ಬೆರಗುಗೊಳಿಸಿದ ಹಲವರು ಇಂತಹ ಚಳಿಯ ನಾಡುಗಳಿಂದಲೇ ಬಂದವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಹಾನ್ನೆಸ್ ಕೊಲೆಹ್ಮಾಯ್ನೆನ್ ಎಂಬ ಫಿನ್ಲೆಂಡಿನವನು ಮೂರು ಚಿನ್ನದ ಪದಕಗಳನ್ನು ಗೆದ್ದನು. ಅವನ ತರುವಾಯ ಬಂದ ಪಾವೊ ನುರ್ಮಿ 1920ರಿಂದ 1928ರವರೆಗಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಒಂಬತ್ತು ಚಿನ್ನದ ಪದಕಗಳನ್ನೂ ಮೂರು ಬೆಳ್ಳಿಯ ಪದಕಗಳನ್ನೂ ಸಂಪಾದಿಸಿದನು. ಆಗ ಆ ದೇಶದ ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು ಎಂಬುದನ್ನು ನೆನೆದರೆ ಇದು ಎಂತಹ ಸಾಧನೆಯೆಂಬುದು ಮನಸ್ಸಿಗೆ ಹೊಳೆಯುವುದು. ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ ಸೈನ್ಯದಲ್ಲಿದ್ದ ಕಾಲದಲ್ಲಿ, ಹಗಲಿನ ಕೆಲಸ ಮುಗಿದ ಮೇಲೆ ಸೈನಿಕರ ಭಾರವಾದ ಬೂಟುಗಳನ್ನು ಮೆಟ್ಟಿಕೊಂಡು, ಕೈಯಲ್ಲೊಂದು ಬ್ಯಾಟರಿ ದೀಪವನ್ನು ಹಿಡಿದು, ಹಿಮ ಬಿದ್ದ ಕಾಡುದಾರಿಗಳಲ್ಲಿ ಓಡಿ ಅಭ್ಯಾಸಮಾಡುತ್ತಿದ್ದನೆಂದು ಹೇಳುತ್ತಾರೆ. ಅವನು 1952ರಲ್ಲಿ ಅದೇ ಹೆಲ್ಸಿಂಕಿಯಲ್ಲಿ 5,000 ಮೀಟರು, 10,000 ಮೀಟರು, ಮ್ಯಾರಥಾನ್ ಈ ಮೂರನ್ನೂ ಒಂದೇ ಕೂಟದಲ್ಲಿ ಗೆದ್ದನು. ಆ ಕೂಟದ ಜ್ಯೋತಿಯನ್ನು ಹಿಡಿದು ಕ್ರೀಡಾಂಗಣದೊಳಕ್ಕೆ ಓಡಿಬಂದವನು ಐವತ್ತೈದು ವರ್ಷದ ನುರ್ಮಿಯೇ.

ಇಂತಹ ಓಟದ ಸುದ್ದಿಯನ್ನು ಕೇಳಿದೊಡನೆ ನಮ್ಮಲ್ಲಿ ಹುಟ್ಟುವ ಮೊದಲನೆಯ ಪ್ರಶ್ನೆ, ಆ ಗಾಳಿಯನ್ನು ಸೇದಿದರೆ ಶ್ವಾಸಕೋಶವು ಹೆಪ್ಪುಗಟ್ಟುವುದಿಲ್ಲವೆ ಎಂಬುದು. ಹೆಪ್ಪುಗಟ್ಟುವುದಿಲ್ಲ. ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳು ಇವುಗಳ ಒದ್ದೆಯಾದ ಒಳಪದರವು ಒಳಗೆ ಬರುವ ಗಾಳಿಯನ್ನು ಹಾದಿಯಲ್ಲಿಯೇ ಕಾಯಿಸಿ, ತೇವಗೊಳಿಸಿ, ಶ್ವಾಸಕೋಶದ ಕಿರುಗೂಡುಗಳನ್ನು ಮುಟ್ಟುವ ವೇಳೆಗೆ ದೇಹದ ಶಾಖಕ್ಕೆ ತಂದಿರುತ್ತದೆ. ತೊಂದರೆ ಕೊಡುವುದು ಚಳಿಗಿಂತ ಹೆಚ್ಚಾಗಿ ಒಣತನ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಗಾಳಿಯ ಒಂದು ಘನ ಮೀಟರಿನಲ್ಲಿ ಹಿಡಿಯಬಲ್ಲ ನೀರಾವಿ ಸುಮಾರು ಒಂದು ಗ್ರಾಮು ಮಾತ್ರ; ದೇಹದ ಶಾಖದಲ್ಲಿರುವ ಅಷ್ಟೇ ಗಾಳಿಯು ಸುಮಾರು 44 ಗ್ರಾಮುಗಳನ್ನು ಹಿಡಿಯುವುದು. ಈ ಕೊರತೆಯನ್ನೆಲ್ಲ ತುಂಬಿಕೊಡಬೇಕಾದುದು ಶ್ವಾಸನಾಳಗಳೇ. ಸುಮ್ಮನೆ ಕುಳಿತವನು ನಿಮಿಷಕ್ಕೆ ಆರೆಂಟು ಲೀಟರು ಗಾಳಿಯನ್ನು ಸೇದಿದರೆ, ಚೆನ್ನಾಗಿ ಓಡುವವನು ಅದರ ಹತ್ತರಷ್ಟನ್ನೂ ಮೀರಿ ಸೇದುತ್ತಾನೆ. ಅದನ್ನೂ ಮೂಗನ್ನು ಬಿಟ್ಟು ಬಾಯಿಯಿಂದ. ಆದಕಾರಣ ನಾಳಗಳ ಒಳಪದರವು ಒಣಗಿ, ಕೆಲವರಲ್ಲಿ ನಾಳಗಳೇ ಬಿಗಿದುಕೊಂಡು, ಓಟ ಮುಗಿದ ಮೇಲೆ ಒಣಕೆಮ್ಮು ಬಹಳ ಹೊತ್ತು ಕಾಡುವುದು. ಉಬ್ಬಸವಿರುವವರಿಗೆ ಇದು ಆಟದ ಮಾತಲ್ಲ; ಅವರು ವೈದ್ಯರನ್ನು ಕೇಳದೆ ಹೊರಡಬಾರದು. ಹಿಮದ ಮೇಲೆ ಜಾರುಪಟ್ಟಿಗಳಿಂದ ದೂರದೂರ ಸಾಗುವ ಸ್ಪರ್ಧೆಗಳನ್ನು ನಡೆಸತಕ್ಕ ಅಂತರರಾಷ್ಟ್ರೀಯ ಸಂಸ್ಥೆಯು ಸೊನ್ನೆಗಿಂತ 20 ಡಿಗ್ರಿ ಕೆಳಗನ್ನು ಒಂದು ಗಡಿಯಾಗಿ ಇಟ್ಟುಕೊಂಡಿರುವುದಕ್ಕೆ ಇಂತಹ ಕಾರಣಗಳುಂಟು. ತೆಳುವಾದ ಬಟ್ಟೆಯೊಂದನ್ನು ಬಾಯಿಗೆ ಅಡ್ಡವಾಗಿ ಸುತ್ತಿಕೊಂಡರೆ, ಬಿಟ್ಟ ಉಸಿರಿನ ತೇವವೂ ಶಾಖವೂ ಅಲ್ಲಿ ಕೊಂಚ ನಿಂತು, ಸೇದುವ ಉಸಿರಿಗೆ ಮರಳಿ ದೊರಕುವುವು.

ಇನ್ನು ದೇಹದ ಶಾಖದ ವಿಚಾರ. ಎಪ್ಪತ್ತು ಕಿಲೋಗ್ರಾಮು ತೂಕದ ಮನುಷ್ಯನು ಗಂಟೆಗೆ ಹತ್ತು ಕಿಲೋಮೀಟರಿನಂತೆ ಓಡಿದರೆ ಒಂದು ಗಂಟೆಯಲ್ಲಿ ಸುಮಾರು 700 ಕಿಲೋಕ್ಯಾಲರಿಗಳನ್ನು ವ್ಯಯಮಾಡುತ್ತಾನೆ. ಇದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚಾದುದು ಶಾಖವಾಗಿಯೇ ಹೊರಬೀಳುತ್ತದೆ. ಅಂದರೆ ಓಡುವವನು ನಡೆದಾಡುವ ಒಲೆಯಿದ್ದಂತೆ. ಹೊರಗೆ ಎಂತಹ ಚಳಿಯಿದ್ದರೂ ಹತ್ತು ನಿಮಿಷಗಳಲ್ಲಿ ಅವನ ಮೈ ಬೆವರಲು ಮೊದಲಾಗುತ್ತದೆ, ಮತ್ತು ಚಳಿನಾಡಿನ ಓಟಗಾರನ ಶತ್ರುವೆಂದರೆ ಈ ಬೆವರೇ. ಒದ್ದೆಯಾದ ಬಟ್ಟೆಯಲ್ಲಿ ಗಾಳಿಯಿರಬೇಕಾದ ಎಡೆಗಳಲ್ಲಿ ನೀರು ನಿಲ್ಲುತ್ತದೆ. ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತೈದರಷ್ಟು ವೇಗವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ನಮಗೆ ಬೇಸಗೆಯಲ್ಲಿ ಪರಮಮಿತ್ರನಾದ ಹತ್ತಿಯ ಬಟ್ಟೆ ಅಲ್ಲಿ ವಿಶ್ವಾಸಘಾತಕನಾಗುವುದು ಇದರಿಂದಲೇ: ಅದು ನೀರನ್ನು ಹೀರಿ ಹಿಡಿದುಕೊಂಡು ಮೈಗಂಟಿ ಕೂತುಬಿಡುತ್ತದೆ. ಉಣ್ಣೆಯಾದರೆ ತೇವವಿದ್ದರೂ ತನ್ನ ಸುರುಳಿಗಳಲ್ಲಿ ಗಾಳಿಯನ್ನು ಉಳಿಸಿಕೊಳ್ಳುವುದು. ಆದಕಾರಣ ಬಲ್ಲವರು ಮೈಗೆ ತಗುಲುವಂತೆ ತೆಳ್ಳನೆಯ ಉಣ್ಣೆಯದೋ ಬೆವರನ್ನು ಹೊರದೂಡುವ ಕೃತಕ ನೂಲಿನದೋ ಒಂದು ಅಂಗಿ, ಅದರ ಮೇಲೆ ಚಳಿ ಹೆಚ್ಚಿದರೆ ಮತ್ತೊಂದು, ಎಲ್ಲಕ್ಕೂ ಮೇಲೆ ಗಾಳಿಯನ್ನು ತಡೆಯುವ ಹಗುರವಾದ ಕುಪ್ಪಸ, ಹೀಗೆ ಪದರ ಪದರವಾಗಿ ತೊಡುತ್ತಾರೆ. ಮನೆಯ ಬಾಗಿಲನ್ನು ದಾಟಿದಾಗ ಸ್ವಲ್ಪ ನಡುಕ ಬಂದರೆ ಉಡುಪು ಸರಿಯಾಗಿದೆಯೆಂದು ತಿಳಿಯತಕ್ಕದ್ದು; ಬಾಗಿಲಲ್ಲಿಯೇ ಬೆಚ್ಚಗಿದ್ದವನು ಎರಡು ಮೈಲಿ ಹೋಗುವುದರೊಳಗೆ ತೊಯ್ದು ತೊಪ್ಪೆಯಾಗುವನು.

ಗಾಳಿಯ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಉಷ್ಣಮಾಪಕವನ್ನು ಮಾತ್ರ ನೋಡಿ ಹೊರಡುವುದು ಅವಿವೇಕ. ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ದಕ್ಷಿಣ ಧ್ರುವಖಂಡದಲ್ಲಿ ಸಣ್ಣ ಡಬ್ಬಿಯೊಂದರಲ್ಲಿ ನೀರನ್ನು ತುಂಬಿ ಗಾಳಿಗೆ ಕಟ್ಟಿ, ಅದು ಎಷ್ಟು ಹೊತ್ತಿನಲ್ಲಿ ಹೆಪ್ಪುಗಟ್ಟುವುದೆಂದು ಅಳೆದು ಈ ವಿಷಯಕ್ಕೆ ಮೊದಲ ಲೆಕ್ಕವನ್ನು ಹಾಕಿದರು. 2001ರಲ್ಲಿ ಕೆನಡ ಮತ್ತು ಅಮೆರಿಕಗಳ ವಿಜ್ಞಾನಿಗಳು ಮನುಷ್ಯರ ಮುಖಗಳ ಮೇಲೆಯೇ ಪರೀಕ್ಷೆ ನಡೆಸಿ ಅದನ್ನು ತಿದ್ದಿದರು. ಆ ಲೆಕ್ಕದಂತೆ, ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ ಗಂಟೆಗೆ 30 ಕಿಲೋಮೀಟರು ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಗೆ ಸಮವಾಗುವುದು. ಓಡುವವನು ತನ್ನ ವೇಗದಿಂದಲೇ ಒಂದಿಷ್ಟು ಗಾಳಿಯನ್ನು ಸೃಷ್ಟಿಸಿಕೊಳ್ಳುತ್ತಾನೆಂಬುದನ್ನೂ ಮರೆಯಬಾರದು. ಇದರಿಂದ ಹುಟ್ಟಿದ ಒಂದು ಜಾಣತನದ ನಿಯಮವುಂಟು: ಹೋಗುವಾಗ ಗಾಳಿಗೆ ಎದುರಾಗಿ ಓಡು, ಬರುವಾಗ ಗಾಳಿಯನ್ನು ಬೆನ್ನಿಗೆ ಹಾಕಿಕೋ ಎಂಬುದು. ಮೊದಲು ಬೆನ್ನುಗಾಳಿಯಲ್ಲಿ ಹಾಯಾಗಿ ಓಡಿ ಬೆವತವನು, ತಿರುಗಿದ ಕೂಡಲೆ ದಣಿದ ಮೈಯಲ್ಲಿ, ಒದ್ದೆಯ ಅಂಗಿಯಲ್ಲಿ ಆ ಗಾಳಿಗೆ ಎದೆಕೊಡಬೇಕಾಗುವುದು.

ಕೈಬೆರಳುಗಳ ಅವಸ್ಥೆ ಬೇರೆ. ಒಳಗಿನ ಅಂಗಗಳನ್ನು ಕಾಪಾಡುವುದಕ್ಕಾಗಿ ದೇಹವು ಬೆರಳು, ಕಿವಿ, ಮೂಗಿನ ತುದಿ ಇವುಗಳ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಆದರೆ ಪೂರ್ತಿಯಾಗಿ ಕೈಬಿಡುವುದಿಲ್ಲ. ಬ್ರಿಟನ್ನಿನ ವೈದ್ಯನಾದ ಥಾಮಸ್ ಲೂಯಿಸ್ 1930ರಲ್ಲಿ ತೋರಿಸಿಕೊಟ್ಟಂತೆ, ಮಂಜುಗಡ್ಡೆಯ ನೀರಿನಲ್ಲಿ ಅದ್ದಿದ ಬೆರಳಿಗೆ ಸ್ವಲ್ಪ ಹೊತ್ತಾದ ಮೇಲೆ ರಕ್ತವು ತಾನಾಗಿ ಮರಳಿ ಬರುತ್ತದೆ, ಮತ್ತೆ ಹಿಂದೆಗೆಯುತ್ತದೆ, ಮತ್ತೆ ಬರುತ್ತದೆ. ಐದು ಬೆರಳುಗಳಿಗೂ ಬೇರೆ ಬೇರೆ ಮನೆಯಿರುವ ಕೈಗವಸಿಗಿಂತ, ನಾಲ್ಕೂ ಒಂದೇ ಚೀಲದಲ್ಲಿ ಒಟ್ಟು ಸಂಸಾರಮಾಡುವ ಕೈಗವಸು ಹೆಚ್ಚು ಬೆಚ್ಚಗಿರುವುದು. ತಲೆಯಿಂದಲೇ ದೇಹದ ಅರ್ಧ ಶಾಖವು ಹೋಗುತ್ತದೆಂಬ ಮಾತು ಬಹುಕಾಲದಿಂದ ಹರಡಿದೆ, ಅದು ಸರಿಯಲ್ಲ. ತಲೆಯಿಂದ ಹೋಗುವುದು ಅದರ ಗಾತ್ರಕ್ಕೆ ತಕ್ಕಷ್ಟೇ, ಸುಮಾರು ಹತ್ತರಲ್ಲೊಂದು ಪಾಲು. ಆದರೂ ಕಿವಿಗಳಿಗಾಗಿ ಟೊಪ್ಪಿಗೆ ಬೇಕೇ ಬೇಕು.

ಇಷ್ಟನ್ನೂ ಕೇಳಿದವರಿಗೆ, ಹಾಗಾದರೆ ಓಡುವವನಿಗೆ ಚಳಿಯಿಂದ ಭಯವಿಲ್ಲವೆಂದು ತೋರಬಹುದು. ಓಡುತ್ತಿರುವವರೆಗೆ ಭಯವು ಅಲ್ಪವೇ ಸರಿ. ಭಯವಿರುವುದು ನಿಂತಾಗ. ಕಾಲು ಉಳುಕಿತು, ದಾರಿ ತಪ್ಪಿತು, ಇಲ್ಲವೆ ತೀರ ದಣಿವಾಯಿತು ಎನ್ನೋಣ. ಆಗ ಒಲೆ ಆರಿಹೋಗುತ್ತದೆ, ಮೈಮೇಲಿನ ಬೆವರು ಮಾತ್ರ ಉಳಿಯುತ್ತದೆ. ದೇಹದ ಒಳಗಿನ ಶಾಖವು 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ತಡೆಯಲಾರದ ನಡುಕ, ಬಳಿಕ ತೊದಲು ಮಾತು, ತಪ್ಪು ಹೆಜ್ಜೆ, ಬುದ್ಧಿಮಾಂದ್ಯ. ವಿಪರೀತವೇನೆಂದರೆ ಕೆಲವರು ಆ ಕಡೆಯ ಸ್ಥಿತಿಯಲ್ಲಿ ಸೆಕೆಯಾಯಿತೆಂದು ಬಟ್ಟೆಯನ್ನೇ ಕಿತ್ತೆಸೆಯುತ್ತಾರೆ. ಇದಕ್ಕೆ ಧ್ರುವಪ್ರದೇಶದ ಚಳಿಯೇ ಬೇಕಾಗಿಲ್ಲ. 2021ನೆಯ ಇಸವಿ ಮೇ 22ರಂದು ಚೀನದ ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ ನೂರು ಕಿಲೋಮೀಟರುಗಳ ಓಟವೊಂದು ನಡೆಯಿತು. 172 ಮಂದಿ ಹೊರಟರು. ಅನೇಕರು ತೆಳುವಾದ ಅಂಗಿ ಚಡ್ಡಿಗಳಲ್ಲಿದ್ದರು. ಅವರು ಎತ್ತರದ ಭಾಗವನ್ನು ಸೇರಿದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಒಟ್ಟಾಗಿ ಎರಗಿದುವು. 21 ಮಂದಿ ಸತ್ತರು. ಸತ್ತವರಲ್ಲಿ ದೇಶಪ್ರಸಿದ್ಧರಾದ ನುರಿತ ಓಟಗಾರರೂ ಇದ್ದರು. ಅಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬನು ಆರು ಮಂದಿಯನ್ನು ತಾನು ತಂಗಿದ್ದ ಗುಹೆಗೆ ಕರೆತಂದು, ಬೆಂಕಿ ಕಾಯಿಸಿ ಬದುಕಿಸಿದನು. ಉತ್ತರ ದೇಶಗಳ ಅನುಭವಸ್ಥರು ಊರಿಗೆ ಸಮೀಪದಲ್ಲಿಯೇ ಸುತ್ತು ಸುತ್ತಾಗಿ ಓಡುವುದೂ, ಹೋಗುವ ದಾರಿಯನ್ನು ಮನೆಯವರಿಗೆ ತಿಳಿಸುವುದೂ, ಸಣ್ಣ ಗಂಟಿನಲ್ಲಿ ಒಣಗಿದ ಅಂಗಿಯೊಂದನ್ನು ಒಯ್ಯುವುದೂ ಅತಿಯಾದ ಎಚ್ಚರಿಕೆಯೆಂದು ನಾವು ಎಣಿಸಲಾರೆವು.

ಮಂಜುಗಡ್ಡೆಯ ಮೇಲೆ ಕಾಲಿಡುವ ವಿದ್ಯೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ಕಡುಚಳಿಯಲ್ಲಿ ಗಡ್ಡೆಯು ಅಷ್ಟಾಗಿ ಜಾರುವುದಿಲ್ಲ, ಹಿಮವು ಕಾಲಡಿಯಲ್ಲಿ ಕಿರುಗುಟ್ಟುತ್ತ ಹಿಡಿತ ಕೊಡುತ್ತದೆ. ಸೊನ್ನೆಯ ಸಮೀಪದಲ್ಲಿ, ಮೇಲೆ ನೀರು ಸವರಿದ ಗಡ್ಡೆಯೇ ಬೀಳಿಸುವಂತಹುದು. ಹೆಜ್ಜೆ ಚಿಕ್ಕದಾಗಿರಬೇಕು, ಪಾದವು ಮೈಯ ಕೆಳಗೇ ಬೀಳಬೇಕು, ಪಾದರಕ್ಷೆಯ ಅಟ್ಟೆಯಲ್ಲಿ ಲೋಹದ ಮೊಳೆಗಳಿರಬೇಕು.

ಕತ್ತಲೆಯಾದರೋ ನಾವು ಊಹಿಸುವಷ್ಟು ಕಪ್ಪಲ್ಲ. ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚಾಗಿ ಹಿಂತಿರುಗಿಸುವುದರಿಂದ, ತುಣುಕು ಚಂದ್ರನಿದ್ದರೂ ದಾರಿ ಕಾಣುವುದು. ಅಲ್ಲಿಯವರು ಹೆದರುವುದು ಹಿಮ ಬೀಳುವುದಕ್ಕೆ ಮುಂಚಿನ ನವೆಂಬರ್ ತಿಂಗಳಿಗೆ. ನೆನೆದ ನೆಲವು ಬೆಳಕನ್ನೆಲ್ಲ ನುಂಗುವ ಕಾಲವದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಎದುರಿನಿಂದ ಬಂದ ಒಂದೇ ಒಂದು ಮೋಟಾರಿನ ದೀಪವು ಅದನ್ನು ಕ್ಷಣದಲ್ಲಿ ಕೆಡಿಸುವುದು. ಮೋಟಾರಿನವನ ಕಷ್ಟ ಇದಕ್ಕಿಂತ ದೊಡ್ಡದು. ಕಪ್ಪು ಬಟ್ಟೆಯ ಮನುಷ್ಯನು ಅವನಿಗೆ ಸುಮಾರು 50 ಮೀಟರು ದೂರದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಗಂಟೆಗೆ 80 ಕಿಲೋಮೀಟರು ಓಡುವ ಗಾಡಿಗೆ ಅದು ಎರಡು ಸೆಕೆಂಡುಗಳ ಚಿಲ್ಲರೆಯ ದಾರಿ. ಬೆಳಕನ್ನು ಹಿಂದಕ್ಕೆಸೆಯುವ ಬಿಲ್ಲೆಯೊಂದು ಮೊಣಕಾಲ ಮಟ್ಟದಲ್ಲಿ ತೂಗಾಡುತ್ತಿದ್ದರೆ ಅದೇ ಮನುಷ್ಯನು ಅದರ ಮೂರರಷ್ಟು ದೂರದಿಂದಲೇ ಗೋಚರಿಸುವನು. ಕತ್ತಲೆಯಲ್ಲಿ ನಡೆಯುವವರು ಇಂತಹ ಬಿಲ್ಲೆಯನ್ನು ಧರಿಸಬೇಕೆಂದು ಫಿನ್ಲೆಂಡಿನಲ್ಲಿ ಕಾನೂನೇ ಇದೆ.

ಅದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದುದು ಅಲ್ಲಿನ ಪುರಸಭೆಗಳ ಏರ್ಪಾಡು. ಊರಂಚಿನ ಕಾಡುಗಳಲ್ಲಿ ಮರದ ಹೊಟ್ಟನ್ನೂ ತೊಗಟೆಯ ಚೂರುಗಳನ್ನೂ ಹಾಸಿದ, ಸಾಲುದೀಪಗಳಿರುವ ಕೆಲವು ಕಿಲೋಮೀಟರುಗಳ ಸುತ್ತುದಾರಿಗಳನ್ನು ಮಾಡಿಸಿರುತ್ತಾರೆ. ಫಿನ್ಲೆಂಡಿನಲ್ಲಿ ಇದಕ್ಕೆ ಪುರುರಾಟಾ ಎಂದು ಹೆಸರು. ಸ್ವೀಡನ್ ಮತ್ತು ನಾರ್ವೆಗಳಲ್ಲಿಯೂ ದೀಪದ ದಾರಿಗಳೆಂಬ ಅರ್ಥದ ಹೆಸರುಗಳಿವೆ. ಕಾಸು ಕೊಡಬೇಕಾಗಿಲ್ಲ, ಚೀಟಿ ಬೇಕಾಗಿಲ್ಲ. ಮುದುಕಿಯರೂ ಮಕ್ಕಳೂ ಬರುತ್ತಾರೆ. ಒಂದು ತೊಡಕೆಂದರೆ, ಹಿಮ ಚೆನ್ನಾಗಿ ಬಿದ್ದ ಮೇಲೆ ಇವುಗಳಲ್ಲಿ ಹಲವು ಜಾರುಪಟ್ಟಿಯವರ ಪಾಲಾಗುವುವು. ಹದಗೊಳಿಸಿದ ಆ ಹಿಮವನ್ನು ತುಳಿದು ಕೆಡಿಸಕೂಡದೆಂದು ಓಟಗಾರರಿಗೆ ನಿಷೇಧವುಂಟು. ಅವರು ಜಲ್ಲಿಪುಡಿ ಎರಚಿದ ರಸ್ತೆಯಂಚನ್ನೇ ಹಿಡಿಯಬೇಕು. ಈ ವಿಷಯದಲ್ಲಿ ಎರಡು ಪಂಗಡಗಳಿಗೂ ಆಗಾಗ್ಗೆ ಮನಸ್ತಾಪವಾಗುವುದೆಂದರೆ ಆಶ್ಚರ್ಯವೇನೂ ಇಲ್ಲ.

ಬೆಚ್ಚನೆಯ ಕೋಣೆಯಲ್ಲಿ ಯಂತ್ರದ ಪಟ್ಟಿಯ ಮೇಲೆ ಓಡಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಓಡಬಹುದು, ಬಹುಜನರು ಓಡುತ್ತಲೂ ಇದ್ದಾರೆ. ಆದರೆ ಬೆಳಕು ಕಡಮೆಯಾದ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದೂ ಒಂದು ಕಾಯಿಲೆಯೆಂದು 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು ಬರೆದು ತೋರಿಸಿದ್ದಾರೆ. ಮೋಡ ಕವಿದ ನಡುಹಗಲಿನ ಮಬ್ಬು ಬೆಳಕು ಕೂಡ ಸಾಮಾನ್ಯವಾಗಿ ಮನೆಯ ದೀಪಕ್ಕಿಂತ ಹೆಚ್ಚು ಪ್ರಖರವಾದುದು. ರಜಾದಿನಗಳಲ್ಲಾದರೂ ಆ ಸ್ವಲ್ಪ ಹೊತ್ತನ್ನು ಕಳೆದುಕೊಳ್ಳದಂತೆ ಜನರು ಹೊರಗೆ ಬರುತ್ತಾರೆ. ಟ್ರೋಮ್ಸೊದಲ್ಲಿ ಜನವರಿ ಮೊದಲ ಭಾಗದಲ್ಲಿ, ಸೂರ್ಯನಿಲ್ಲದ ಆ ದಿನಗಳಲ್ಲಿಯೇ, 21 ಕಿಲೋಮೀಟರುಗಳ ಸ್ಪರ್ಧೆಯೊಂದನ್ನು ಬಯಲಿನಲ್ಲಿ ನಡೆಸುತ್ತಾರೆ. ಅದಾದ ಎರಡು ವಾರಗಳ ಮೇಲೆ, ಜನವರಿ 21ರ ಸುಮಾರಿಗೆ, ದಕ್ಷಿಣದ ಬೆಟ್ಟಗಳ ಮೇಲೆ ಸೂರ್ಯನ ಅಂಚು ಕೆಲವು ನಿಮಿಷಗಳ ಕಾಲ ಕಾಣಿಸಿಕೊಳ್ಳುವುದು. ಅಂದು ಮಕ್ಕಳಿಗೆ ಶಾಲೆಗಳಲ್ಲಿ ಹಬ್ಬ, ಊರಿನವರೆಲ್ಲ ಸಾಲುಗಟ್ಟಿ ನಿಂತು ಹಣ್ಣಿನ ಪಾಕ ತುಂಬಿದ ದುಂಡನೆಯ ಸಿಹಿರೊಟ್ಟಿಗಳನ್ನು ಕೊಂಡು ತಿನ್ನುವರು.