ದುಬೈನಲ್ಲೊಂದು ಬಾಡಿಗೆ ಫ್ಲ್ಯಾಟ್, ಅಲ್ಲೊಬ್ಬ ಪಾಲುದಾರ

ದುಬೈ ವಿದೇಶಿಯರಿಗೆ ಸ್ವಂತ ಹೆಸರಿನಲ್ಲಿ ಮನೆ ಕೊಳ್ಳುವ ಅವಕಾಶ ಕೊಟ್ಟದ್ದು 2002ರಲ್ಲಿ. 2006ರ 7ನೇ ಕಾನೂನು ಅದನ್ನು ಗಟ್ಟಿ ಮಾಡಿತು. ಆದರೆ ಆ ಅವಕಾಶ ಊರಿನ ಎಲ್ಲ ಬೀದಿಗೂ ಇಲ್ಲ. ದುಬೈ ಮರೀನಾ, ಪಾಮ್ ಜುಮೇರಾ, ಡೌನ್‌ಟೌನ್, ಬಿಸಿನೆಸ್ ಬೇ, ಇಂಟರ್‌ನ್ಯಾಷನಲ್ ಸಿಟಿಯಂಥ ಗೊತ್ತುಪಡಿಸಿದ ಪ್ರದೇಶಗಳಲ್ಲಷ್ಟೇ ವಿದೇಶಿಯರಿಗೆ ಪೂರ್ಣ ಮಾಲೀಕತ್ವ, ಅಂದರೆ ಫ್ರೀಹೋಲ್ಡ್. ಕೆಲವೆಡೆ 99 ವರ್ಷದವರೆಗಿನ ಅನುಭೋಗದ ಹಕ್ಕು. ಮಂಗಳೂರು, ಉಡುಪಿ, ಭಟ್ಕಳದ ಕುಟುಂಬಗಳು ದಶಕಗಳಿಂದ ಬಾಡಿಗೆಗಿದ್ದ ದೇರಾ, ಬರ್ ದುಬೈ, ಕರಾಮದ ಬಹುಪಾಲು ಹಳೆಯ ಕಟ್ಟಡಗಳು ಈ ಪಟ್ಟಿಗೆ ಸೇರಿಲ್ಲ.

ಉಡುಪಿಯಲ್ಲಿ ಕೂತವರು ಮರೀನಾದ ಫ್ಲ್ಯಾಟನ್ನು ಬಾಡಿಗೆಗೆ ಕೊಡಬೇಕೆಂದರೆ ಅಲ್ಲಿ ಯಾರಾದರೂ ಬೇಕು. ಎಸಿ ಕೆಟ್ಟರೆ ರಿಪೇರಿ ಮಾಡಿಸಬೇಕು, ಬಾಡಿಗೆದಾರ ಮನೆ ಬಿಟ್ಟ ದಿನ ಕೀಲಿ ಪಡೆದು ಗೋಡೆ, ನಲ್ಲಿ ನೋಡಬೇಕು, ಚೆಕ್ಕನ್ನು ತಾರೀಕಿಗೆ ಸರಿಯಾಗಿ ಬ್ಯಾಂಕಿಗೆ ಹಾಕಬೇಕು. ಹೀಗಾಗಿಯೇ ಅಲ್ಲಿರುವ ಅಣ್ಣನೋ ಭಾವನೋ ಹಳೆಯ ಸಹೋದ್ಯೋಗಿಯೋ ಪಾಲುದಾರರಾಗುತ್ತಾರೆ. ಕೆಲವರು ಬಂಡವಾಳದಲ್ಲೂ ಪಾಲು ಹಾಕುತ್ತಾರೆ, ಕೆಲವರು ನೋಡಿಕೊಳ್ಳುವ ಕೆಲಸಕ್ಕೆ ಬಾಡಿಗೆಯಲ್ಲಿ ಒಂದಂಶ ಪಡೆಯುತ್ತಾರೆ. ಇವೆರಡೂ ಸರಿಯಾದ ವ್ಯವಸ್ಥೆಗಳೇ. ಅಪಾಯವಿರುವುದು ಮೂರನೆಯದರಲ್ಲಿ: ಹಣ ಒಬ್ಬರದು, ಕಾಗದದಲ್ಲಿ ಹೆಸರು ಇನ್ನೊಬ್ಬರದು.

ಈ ಮೂರನೆಯ ರೂಢಿಗೆ ಕೊಲ್ಲಿಯಲ್ಲಿ ಒಂದು ಹಿನ್ನೆಲೆಯಿದೆ. ಫ್ರೀ ಜೋನ್ ಎಂಬ ವಿಶೇಷ ವ್ಯಾಪಾರ ವಲಯಗಳ ಹೊರಗೆ ಕಂಪನಿ ತೆರೆಯುವವರು ಶೇ 51ರಷ್ಟು ಪಾಲನ್ನು ಯುಎಇ ಪ್ರಜೆಯ ಹೆಸರಿನಲ್ಲಿ ಇಡಬೇಕೆಂಬ ನಿಯಮ ಬಹುಕಾಲ ಇತ್ತು. ವರ್ಷಕ್ಕಿಷ್ಟು ಎಂದು ಹಣ ಪಡೆದು ಹೆಸರು ಕೊಡುವ ಸ್ಥಳೀಯರು, ಒಳಗೊಳಗೇ ಬರೆದುಕೊಂಡ ಗುಪ್ತ ಕರಾರುಗಳು ಅದರಿಂದ ಹುಟ್ಟಿದವು. 2004ರಲ್ಲಿ ಇಂಥ ಮರೆಮಾಚುವಿಕೆಯ ವಿರುದ್ಧ ಕಾನೂನೂ ಬಂತು. 2021ರ ಜೂನ್‌ನಿಂದ ಹೆಚ್ಚಿನ ವ್ಯವಹಾರಗಳಿಗೆ ಆ ಶೇ 51ರ ಕಟ್ಟು ಇಲ್ಲ. ಫ್ರೀಹೋಲ್ಡ್ ಫ್ಲ್ಯಾಟಿಗಂತೂ ಸ್ಥಳೀಯರ ಹೆಸರು ಬೇಕೇ ಇಲ್ಲ. ಆದರೂ ‘ಸದ್ಯಕ್ಕೆ ನನ್ನ ಹೆಸರಲ್ಲಿರಲಿ, ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತು ನಿಂತಿಲ್ಲ. ಆ ‘ಆಮೇಲೆ’ ಬರುವ ಹೊತ್ತಿಗೆ ಬೆಲೆ ಏರಿರುತ್ತದೆ, ಇಲ್ಲವೇ ಹೆಸರು ಕೊಟ್ಟವರು ಸಾಲಗಾರರಾಗಿರುತ್ತಾರೆ ಅಥವಾ ತೀರಿಕೊಂಡಿರುತ್ತಾರೆ. ಹಣ ಹಾಕಿದವರು ಆಗ ಕೋರ್ಟಿನಲ್ಲಿ ಬರೀ ಕೈಯಲ್ಲಿ ನಿಲ್ಲಬೇಕಾಗುತ್ತದೆ.

ದುಬೈ ಭೂ ಇಲಾಖೆ ಕೊಡುವ ಟೈಟಲ್ ಡೀಡ್ ನೋಡಲು ಸರಳ ಪತ್ರ. ಅರಬ್ಬಿ ಮತ್ತು ಇಂಗ್ಲಿಷ್ ಅಕ್ಕಪಕ್ಕ. ಕಟ್ಟಡದ ಹೆಸರು, ಫ್ಲ್ಯಾಟಿನ ಸಂಖ್ಯೆ, ಚದರ ಮೀಟರಿನಲ್ಲಿ ವಿಸ್ತೀರ್ಣ. ಕೆಳಗೆ ಮಾಲೀಕರ ಹೆಸರುಗಳು, ಪ್ರತಿಯೊಬ್ಬರ ಹೆಸರಿನೆದುರು ಅವರವರ ಪಾಲು. ಪಾಲುದಾರಿಕೆಯ ಜೀವಾಳವೇ ಆ ಸಾಲು. ಆರಾಣೆ ಹಾಕಿದವರಿಗೆ ಆರಾಣೆ ಪಾಲು, ಹತ್ತಾಣೆ ಹಾಕಿದವರಿಗೆ ಹತ್ತಾಣೆ ಪಾಲು ನೋಂದಣಿಯ ದಿನವೇ ನಮೂದಾಗಬೇಕು. ನಂತರ ತಿದ್ದಿಸಲು ಹೊರಟರೆ ಅದು ಹೊಸ ವರ್ಗಾವಣೆಯಾಗುತ್ತದೆ, ಮತ್ತೆ ಶುಲ್ಕ ಬೀಳುತ್ತದೆ. ಸಾಮಾನ್ಯ ಮಾರಾಟಕ್ಕೆ ಆ ಶುಲ್ಕ ಬೆಲೆಯ ಶೇ 4.

ಟೈಟಲ್ ಡೀಡ್ ಹೇಳದ ಸಂಗತಿಗಳಿಗಾಗಿ ಪಾಲುದಾರರ ನಡುವೆ ಪ್ರತ್ಯೇಕ ಕರಾರು ಬೇಕು. ಬಾಡಿಗೆ ಯಾರ ಖಾತೆಗೆ ಬರಬೇಕು, ಎಷ್ಟು ದಿನದೊಳಗೆ ಹಂಚಬೇಕು, ಎಷ್ಟು ದಿರ್ಹಮ್‌ವರೆಗಿನ ರಿಪೇರಿಯನ್ನು ಕೇಳದೆ ಮಾಡಿಸಬಹುದು ಎಂಬುದನ್ನು ಬರೆದಿಡಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬೇರೆಯಾಗುವ ದಾರಿ. ಒಬ್ಬರಿಗೆ ಹಣ ಬೇಕಾದಾಗ ಇನ್ನೊಬ್ಬರು ಕೊಳ್ಳಬೇಕೇ, ಬೆಲೆಯನ್ನು ಯಾರು ಕಟ್ಟಬೇಕು, ಕೊಳ್ಳದಿದ್ದರೆ ಎಷ್ಟು ತಿಂಗಳಲ್ಲಿ ಮಾರಬೇಕು? ಜಮೀನನ್ನಾದರೆ ಬೇಲಿ ಹಾಕಿ ಹಿಸ್ಸೆ ಮಾಡಬಹುದು. ಎರಡು ಕೋಣೆಯ ಫ್ಲ್ಯಾಟನ್ನು ಹಾಗೆ ಹಂಚಲಾಗದು. ಪಾಲುದಾರರಿಗೆ ಕೊಡುವ ಮುಖ್ತಿಯಾರ್‌ನಾಮೆಯಲ್ಲೂ ಎಚ್ಚರ ಬೇಕು. ಬಾಡಿಗೆಗೆ ಕೊಡುವ, ವಸೂಲು ಮಾಡುವ ಅಧಿಕಾರ ಸಾಕು. ಮಾರುವ ಅಧಿಕಾರವನ್ನು ಅದರ ಜೊತೆಗೆ ಸೇರಿಸಿ ಸಹಿ ಹಾಕಬಾರದು.

ಬಾಡಿಗೆಯ ನಿಯಮಗಳು ದುಬೈನಲ್ಲಿ ಸಾಕಷ್ಟು ಸ್ಪಷ್ಟವಾಗಿವೆ. ಪ್ರತಿ ಬಾಡಿಗೆ ಕರಾರೂ ‘ಇಜಾರಿ’ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ಅರಬ್ಬಿಯಲ್ಲಿ ಅದಕ್ಕೆ ‘ನನ್ನ ಬಾಡಿಗೆ’ ಎಂದರ್ಥ. ಕನ್ನಡದ ಹಳೆಯ ಕಂದಾಯ ಕಾಗದಗಳಲ್ಲಿ ಸಿಗುವ ‘ಇಜಾರೆ’ಯೂ ಅದೇ ಮೂಲದ ಪದ. ವರ್ಷದ ಬಾಡಿಗೆಯನ್ನು ಒಂದು, ಎರಡು, ನಾಲ್ಕು ಅಥವಾ ಹೆಚ್ಚು ಮುಂದಿನ ತಾರೀಕಿನ ಚೆಕ್ಕುಗಳಲ್ಲಿ ಮೊದಲೇ ಪಡೆಯುವುದು ವಾಡಿಕೆ. ಈ ಚೆಕ್ಕುಗಳು ಯಾರ ಹೆಸರಿಗೆ ಬರೆದಿವೆ ಎಂಬುದನ್ನು ಊರಿನಲ್ಲಿರುವ ಮಾಲೀಕರು ಮೊಬೈಲಿನಲ್ಲಾದರೂ ಫೋಟೋ ತರಿಸಿಕೊಂಡು ನೋಡಬೇಕು. 2022ರ ಜನವರಿಯಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾಗುವುದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವಲ್ಲ. ಬದಲಿಗೆ ಆ ಚೆಕ್ಕನ್ನೇ ಆಧಾರವಾಗಿಟ್ಟು ನೇರವಾಗಿ ವಸೂಲಿಗೆ ಹೋಗಬಹುದು.

ಬಾಡಿಗೆಯನ್ನು ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. 2013ರ 43ನೇ ಆದೇಶದ ಪ್ರಕಾರ, ಈಗಿನ ಬಾಡಿಗೆ ಆ ಪ್ರದೇಶದ ಸರಾಸರಿಗಿಂತ ಶೇ 10ರವರೆಗೆ ಕಡಿಮೆಯಿದ್ದರೆ ಏರಿಕೆಯೇ ಇಲ್ಲ. ಅಂತರ ಹೆಚ್ಚಿದಂತೆ ಶೇ 5, 10, 15ರ ಮೆಟ್ಟಿಲುಗಳಲ್ಲಿ ಏರಿಸಬಹುದು; ಅಂತರ ಶೇ 40 ದಾಟಿದ್ದರೂ ಏರಿಕೆಯ ಮಿತಿ ಶೇ 20. ಕರಾರು ಮುಗಿಯುವ 90 ದಿನ ಮೊದಲೇ ತಿಳಿಸಿರಬೇಕು. ಮಾರಾಟಕ್ಕೋ ಸ್ವಂತ ವಾಸಕ್ಕೋ ಮನೆ ಬಿಡಿಸಬೇಕೆಂದರೆ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು. ದಿನಬಾಡಿಗೆಗೆ, ಅಂದರೆ ಪ್ರವಾಸಿಗರಿಗೆ ಕೊಡುವುದಾದರೆ ಪ್ರವಾಸೋದ್ಯಮ ಇಲಾಖೆಯ ಪ್ರತ್ಯೇಕ ಪರವಾನಗಿ ಬೇಕು.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡಬಹುದು. 10 ಲಕ್ಷ ದಿರ್ಹಮ್ ಬೆಲೆಯ, 750 ಚದರ ಅಡಿಯ ಫ್ಲ್ಯಾಟ್ ಎಂದುಕೊಳ್ಳೋಣ. ವರ್ಗಾವಣೆ ಶುಲ್ಕ 40 ಸಾವಿರ, ದಲ್ಲಾಳಿಗೆ ಶೇ 2ರಂತೆ 20 ಸಾವಿರ. ಒಟ್ಟು 10 ಲಕ್ಷ 60 ಸಾವಿರ. ಬಾಡಿಗೆ ವರ್ಷಕ್ಕೆ 80 ಸಾವಿರ. ಅದರಲ್ಲಿ ಕಟ್ಟಡದ ನಿರ್ವಹಣಾ ಶುಲ್ಕ ಚದರ ಅಡಿಗೆ 16 ದಿರ್ಹಮ್ ಎಂದರೆ 12 ಸಾವಿರ. ನೋಡಿಕೊಳ್ಳುವವರಿಗೆ 4 ಸಾವಿರ, ರಿಪೇರಿಗೆ 4 ಸಾವಿರ. ಉಳಿಯುವುದು 60 ಸಾವಿರ. ಜಾಹೀರಾತಿನಲ್ಲಿ ಶೇ 8 ಎಂದು ಕಾಣುವ ಪ್ರತಿಫಲ ಕೈಗೆ ಬರುವಾಗ ಶೇ 5.7ರ ಆಸುಪಾಸು. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅದು ಶೇ 5ಕ್ಕೆ ಇಳಿಯುತ್ತದೆ. ಹಿಂದಿನ ಮಾಲೀಕರು ನಿರ್ವಹಣಾ ಶುಲ್ಕ ಬಾಕಿ ಇಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳದೆ ಕೊಳ್ಳುವುದು ತಪ್ಪು.

ಇದಿಷ್ಟೂ ದುಬೈ ಕಡೆಯದು. ಭಾರತದ ನಿವಾಸಿಗೆ ಇಲ್ಲಿಯ ಕಾನೂನೂ ಅನ್ವಯಿಸುತ್ತದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು, ಅದರಲ್ಲಿ ಮನೆಯನ್ನೂ ಕೊಳ್ಳಬಹುದು. 2022ರ ನಿಯಮಗಳು ವಿದೇಶದಲ್ಲಿರುವ ಸಂಬಂಧಿಕರ ಜೊತೆ ಜಂಟಿಯಾಗಿ ಕೊಳ್ಳುವುದಕ್ಕೆ ಸ್ಪಷ್ಟ ಅವಕಾಶ ಕೊಟ್ಟಿವೆ. ಸಂಬಂಧಿಕರಲ್ಲದ ಪಾಲುದಾರರಾದರೆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ಮೊದಲೇ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ಹವಾಲಾ ಮೂಲಕ ಕಳಿಸಿದ ಹಣಕ್ಕೆ ಮುಂದೆ ಯಾವ ರಕ್ಷಣೆಯೂ ಇಲ್ಲ. ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ರವಾನೆಯ ಮೇಲೆ ಬ್ಯಾಂಕ್ ಶೇ 20ರಷ್ಟು ತೆರಿಗೆ ಮುಂಗಡವಾಗಿ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಯುಎಇಯಲ್ಲಿ ವ್ಯಕ್ತಿಗಳ ಮನೆ ಬಾಡಿಗೆಗೆ ಆದಾಯ ತೆರಿಗೆ ಇಲ್ಲ. ಅಷ್ಟಕ್ಕೆ ಬಾಡಿಗೆ ತೆರಿಗೆಮುಕ್ತ ಎಂದು ನಂಬಿ ಕೂತವರು ಕಡಿಮೆಯಿಲ್ಲ. ಭಾರತದ ನಿವಾಸಿ ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಇಲ್ಲಿ ತೆರಿಗೆ ಕಟ್ಟಬೇಕು. ಪಾಲು ಎಷ್ಟಿದೆಯೋ ಅಷ್ಟು ಬಾಡಿಗೆ ಅವರವರ ಆದಾಯ; ಮನೆಯಾಸ್ತಿಗೆ ಸಿಗುವ ಶೇ 30ರ ಕಡಿತ ಇದಕ್ಕೂ ಉಂಟು. ರಿಟರ್ನ್ಸ್‌ನ ವಿದೇಶಿ ಆಸ್ತಿ ವಿವರದಲ್ಲಿ ಫ್ಲ್ಯಾಟನ್ನು ತೋರಿಸದಿದ್ದರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಕೊಲ್ಲಿಯಲ್ಲಿ ದುಡಿಯುತ್ತಿದ್ದಾಗ ಕೊಂಡ ಮನೆಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾನೂನು (ಫೆಮಾ) ಅನುಮತಿಸುತ್ತದೆ.

ಕೊನೆಯದಾಗಿ ಉತ್ತರಾಧಿಕಾರದ ವಿಷಯ. ಜಂಟಿ ಮಾಲೀಕರಲ್ಲಿ ಒಬ್ಬರು ತೀರಿಕೊಂಡರೆ ಅವರ ಪಾಲು ಉಳಿದವರಿಗೆ ತಾನಾಗಿ ಸೇರುವುದಿಲ್ಲ, ವಾರಸುದಾರರಿಗೆ ಹೋಗುತ್ತದೆ. ಅವರು ದುಬೈ ಕೋರ್ಟಿನ ಉತ್ತರಾಧಿಕಾರ ಆದೇಶ ತರುವವರೆಗೆ ಆ ಪಾಲಿನ ಮಾರಾಟ ಆಗದು. ಮುಸ್ಲಿಮೇತರರು 2015ರಿಂದ ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ವಿಲ್ ಕಚೇರಿಯಲ್ಲಿ ಅಲ್ಲಿನ ಆಸ್ತಿಗೆ ಉಯಿಲು ನೋಂದಾಯಿಸಬಹುದು. ಊರಿನಲ್ಲಿ ಮಾಡಿಸಿದ ಕಾಗದಗಳನ್ನು ಅಲ್ಲಿ ಬಳಸಬೇಕಾದರೆ ನೋಟರಿ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಗಳ ದೃಢೀಕರಣವಾಗಬೇಕು; ಅರಬ್ಬಿ ಅನುವಾದವೂ ಬೇಕು.