ಡೋನಟ್‌ಗೆ ಭಟ್ಟಿ ಬೇಡ, ತತ್ತಿಯೂ ಬೇಡ

ಉಗಾರ ಬುದ್ರುಕದ ಬಹಳ ಮನೆಗಳಿಗೆ ಡೋನಟ್ ಎಂದರೆ ಮಿರಜ್, ಸಾಂಗ್ಲಿಗೆ ಹೋದವರು ಡಬ್ಬಿಯಲ್ಲಿ ತರುವ ತಿನಿಸು. ಮನೆಯಲ್ಲೇ ಮಾಡಿ ಅಂದರೆ ಬರುವ ಮೊದಲ ಮಾತು: "ಅದನ್ನ ಭಟ್ಟ್ಯಾಗ ಸುಡತಾರ್ರೀ, ನಮ್ಮನ್ಯಾಗ ಹ್ಯಾಂಗ ಆಗ್ತದ?"

ಡೋನಟ್ ಸುಡುವುದಲ್ಲ, ಕರಿಯುವುದು. ಪೂರಿ ಕರಿಯುವ ಕೈಗೆ ಇದೂ ಬರುತ್ತದೆ. ಭಟ್ಟಿಯಲ್ಲಿ ಬೇಯಿಸಿದ ಡೋನಟ್ ಇಲ್ಲವೆಂದಲ್ಲ; ಆದರೆ ತಿಂದರೆ ಅದು ಬನ್ನಿನ ತಮ್ಮನಂತೆ ಇರುತ್ತದೆ.

ನಾದುವ, ಹುದುಗು ಬರಿಸುವ ಕೆಲಸ ಬೇಕರಿಯವರದೇ ಆಗಲಿ. ಹಿಂದಿನ ದಿನ ಹೇಳಿಟ್ಟು ಅರ್ಧ ಕಿಲೋ ಪಾವಿನ ಹಿಟ್ಟು ತಂದರೆ ಹತ್ತು-ಹನ್ನೆರಡು ಡೋನಟ್ ಆಗುತ್ತವೆ. "ಸಿದ್ಧ ಹಿಟ್ಟಲ್ಲವೇ, ಚಪಾತಿ ಕಣಕವೂ ನಡೆದೀತು" ಎನ್ನುವವರಿದ್ದಾರೆ. ನಡೆಯದು. ಕಣಕದಲ್ಲಿ ಯೀಸ್ಟ್ ಇಲ್ಲ. ಕರಿದರೆ ದಪ್ಪ ಪೂರಿ, ಅದೂ ನಡುವೆ ಹಸಿ. ಇನ್ನು ಕೆಲವರು ಪಾವಿನ ಹಿಟ್ಟಿಗೂ "ಇನ್ನಷ್ಟು ಉಬ್ಬಲಿ" ಎಂದು ಸೋಡಾ ಬೆರೆಸುತ್ತಾರೆ. ಉಬ್ಬಿಸುವ ಕೆಲಸಕ್ಕೆ ಯೀಸ್ಟ್ ಇದ್ದೇ ಇದೆ. ಸೋಡಾ ಕೊಡುವುದು ಸಾಬೂನಿನ ವಾಸನೆ ಮಾತ್ರ.

ಜೈನ ಮನೆಗಳು ಹೆಚ್ಚಿರುವ ಈ ಭಾಗದಲ್ಲಿ ದೊಡ್ಡ ಪ್ರಶ್ನೆ ಬೇರೆಯೇ. ಡೋನಟ್‌ಗೆ ತತ್ತಿ ಬೇಕೇ ಬೇಕು ಎಂಬುದು ತಪ್ಪು. ಪಾವಿನ ಹಿಟ್ಟಿಗೆ ಸಾಮಾನ್ಯವಾಗಿ ತತ್ತಿ ಬೀಳುವುದಿಲ್ಲ, ಆದರೂ ಬೇಕರಿಯಲ್ಲಿ ಕೇಳಿಯೇ ತನ್ನಿ. ಯೀಸ್ಟ್ ಪ್ರಾಣಿಯಲ್ಲ, ಒಂದೇ ಕೋಶದ ಶಿಲೀಂಧ್ರ. ಅದಿರುವ ಪೊಟ್ಟಣಕ್ಕೂ ಹಸಿರು ಗುರುತೇ ಇರುತ್ತದೆ. ಹಾಗೆಂದು ಅದನ್ನು ಬಿಡುವ ಜೈನರಿಗೆ ವಿಜ್ಞಾನದ ಪಾಠ ಹೇಳಹೊರಟರೆ ಅದು ನಮ್ಮ ಅಜ್ಞಾನ. ಅವರು ಅದನ್ನು ಮಾಂಸವೆಂದು ಬಿಡುವುದಿಲ್ಲ, ಜೀವವಿರುವ, ಹುದುಗಿದ ಪದಾರ್ಥವೆಂದು ಬಿಡುತ್ತಾರೆ. ಅಂಥ ಮನೆಗೆ ಬೇಕಿಂಗ್ ಪೌಡರ್ ಹಾಕಿ ಆಗಲೇ ಕಲಸಿದ ಹಿಟ್ಟೇ ಸರಿ.

ಸಕ್ಕರೆಯ ಬಗೆಗೂ ಒಂದು ಗುಮಾನಿ ಓಡಾಡುತ್ತದೆ: ಅದನ್ನು ಎಲುಬಿನ ಇದ್ದಿಲಿನಿಂದ ಬಿಳಿ ಮಾಡುತ್ತಾರಂತೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಪಕ್ಕದ ಉಗಾರ ಖುರ್ದದಲ್ಲೇ ಇದ್ದರೂ ಈ ಮಾತು ಇಲ್ಲಿಗೂ ಬಂದಿರುವುದು ನನಗೆ ಸೋಜಿಗ. ನಮ್ಮ ದೇಶದ ಬಹುತೇಕ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿ ಮಾಡುತ್ತಾರೆ. ಎಲುಬಿನ ಇದ್ದಿಲು ಹೊರದೇಶದ ಕೆಲವು ರಿಫೈನರಿಗಳ ಪದ್ಧತಿ.

ಹಿಟ್ಟನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸ್ಟೀಲ್ ಗ್ಲಾಸಿನಿಂದ ಬಿಲ್ಲೆ, ಬಾಟಲಿಯ ಮುಚ್ಚಳದಿಂದ ತೂತು. ತೂತು ಅಂದಕ್ಕಲ್ಲ. ಉದ್ದಿನ ವಡೆಗೆ ನಮ್ಮವರು ತೂತು ಮಾಡುವುದೂ ಇದಕ್ಕೇ: ಅಂಚು ಕೆಂಪಾಗುವಷ್ಟರಲ್ಲಿ ನಡುವೂ ಬೇಯಬೇಕು. ಬಿಲ್ಲೆಗಳು ಮತ್ತೊಮ್ಮೆ ಉಬ್ಬಬೇಕು, ಆದರೆ "ಹೆಚ್ಚು ಹೊತ್ತು ಇಟ್ಟಷ್ಟೂ ಹಗುರ" ಎಂದು ಕಾಯಬೇಡಿ. ಮೇ ತಿಂಗಳ ಸೆಕೆಯಲ್ಲಿ ಅರ್ಧ ಗಂಟೆ ಸಾಕಾದೀತು. ಕಬ್ಬು ಕಡಿಯುವ ಹಂಗಾಮಿನ ಚಳಿಯಲ್ಲಿ ಗಂಟೆ ದಾಟೀತು. ಅತಿಯಾಗಿ ಹುದುಗಿದರೆ ಹುಳಿ ವಾಸನೆ ಬಂದು, ಎಣ್ಣೆಗೆ ಬಿದ್ದೊಡನೆ ಕುಸಿಯುತ್ತದೆ.

ಎಣ್ಣೆಯ ವಿಷಯದಲ್ಲಿ ನಂಬಿಕೆ ಪೂರ್ತಿ ತಿರುವುಮುರುವು. ಉರಿ ಸಣ್ಣಗಿದ್ದರೆ ಎಣ್ಣೆ ಕಡಿಮೆ ಹಿಡಿಯುತ್ತದೆ ಅನ್ನುತ್ತಾರೆ. ಕಾವು 175ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹಿಟ್ಟಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತ ಎಣ್ಣೆಯನ್ನು ತಡೆಯುತ್ತದೆ. ಕಾವು ಇಳಿದರೆ ಆ ತಡೆಯೂ ಇಳಿಯಿತು, ಬೇಯುವ ಹೊತ್ತೂ ಬೆಳೆಯಿತು. ಎಣ್ಣೆ ಬಹಳಷ್ಟು ಒಳಹೋಗುವುದು ಬಾಣಲೆಯಿಂದ ತೆಗೆದ ಮೇಲೆ. ತಣಿಯುವಾಗ ಒಳಗಿನ ಆವಿ ನೀರಾಗಿ, ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆಯುತ್ತದೆ. ಆದ್ದರಿಂದ ಝಾರಿಯಲ್ಲಿ ಎತ್ತಿದ ಕೂಡಲೇ ಜಾಳಿಗೆಯ ಮೇಲೆ ಸೋರಲು ಬಿಡಿ, ಒಂದರ ಮೇಲೊಂದು ಪೇರಿಸಬೇಡಿ. ಕಾವು ನೋಡಲು ತೂತಿನಿಂದ ಬಂದ ಗುಂಡುಗಳೇ ಸಾಕು: ಹಾಕಿದೊಡನೆ ಗುಳ್ಳೆಯೆದ್ದು ತೇಲಬೇಕು, ಕಪ್ಪಾಗಬಾರದು. ಒಂದೊಂದು ಮಗ್ಗುಲಿಗೆ ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ನಡುವೆ ಬಿಳಿ ಪಟ್ಟಿ ಉಳಿದರೆ ಬೆಂದಿಲ್ಲವೆಂದು ಮತ್ತೆ ಎಣ್ಣೆಗೆ ಹಾಕುವವರನ್ನು ನೋಡಿದ್ದೇನೆ. ಹಗುರಾಗಿ ತೇಲಿದ ಡೋನಟ್‌ನ ನಡು ಎಣ್ಣೆಗೆ ತಾಗುವುದೇ ಇಲ್ಲ. ಆ ಪಟ್ಟಿ ಹಿಟ್ಟು ಚೆನ್ನಾಗಿ ಉಬ್ಬಿತ್ತು ಎಂಬುದರ ಗುರುತು.

ಡೋನಟ್ ಅದ್ದಲು ಕರಗಿಸಿದ ಚಾಕೊಲೇಟ್ ಗಟ್ಟಿಯಾಯಿತೆಂದು ಒಂದು ಚಮಚ ನೀರೋ ಹಾಲೋ ಹಾಕಿದರೆ ಕೆಲಸ ಕೆಟ್ಟಂತೆಯೇ. ಕರಗಿದ ಚಾಕೊಲೇಟಿಗೆ ಸ್ವಲ್ಪ ತೇವ ಸೇರಿದರೂ ಅದರೊಳಗಿನ ಸಕ್ಕರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವಾಗ ಆವಿಯೂ ತಾಗಬಾರದು. ತೆಳುವಾಗಬೇಕಿದ್ದರೆ ಒಂದು ಚಮಚ ತುಪ್ಪವೋ ವಾಸನೆಯಿಲ್ಲದ ಎಣ್ಣೆಯೋ ಸಾಕು. 200 ಗ್ರಾಂ ಚಾಕೊಲೇಟು ಹನ್ನೆರಡಕ್ಕೂ ಆಗುತ್ತದೆ; ಡೋನಟ್ ಪೂರ್ತಿ ಆರಿದ ಮೇಲೆ ಒಂದೇ ಮಗ್ಗುಲು ಅದ್ದಿ.

ಕಾಂಪೌಂಡ್ ಚಾಕೊಲೇಟ್ ಕಲಬೆರಕೆ ಎಂಬ ಮಾತೂ ಸರಿಯಲ್ಲ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ, ಪೊಟ್ಟಣದ ಮೇಲೆ ಬರೆದೂ ಇರುತ್ತದೆ. ರುಚಿಯಲ್ಲಿ ಅಸಲಿ ಚಾಕೊಲೇಟೇ ಮೇಲು, ಅದನ್ನು ಒಪ್ಪುತ್ತೇನೆ. ಆದರೆ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ಕೃಷ್ಣೆಯ ದಂಡೆಯ ಬೇಸಿಗೆಯ ಮಧ್ಯಾಹ್ನದಲ್ಲಿ ಅದು ಬೆರಳಿಗೇ ಹೆಚ್ಚು ಹತ್ತುತ್ತದೆ. ಆಗ ಕಾಂಪೌಂಡೇ ವಾಸಿ.

ಫ್ರಿಜ್ಜಿನಲ್ಲಿಟ್ಟರೆ ತಾಜಾ ಉಳಿಯುತ್ತದೆ ಎಂದು ನಾನೂ ಬಹುಕಾಲ ನಂಬಿದ್ದೆ. ಆ ತಂಪಿಗೆ ಹಿಟ್ಟಿನ ಪಿಷ್ಟ ಬೇಗ ಬಿರುಸಾಗುತ್ತದೆ, ಹೊರತೆಗೆದರೆ ಚಾಕೊಲೇಟ್ ಬೆವರುತ್ತದೆ. ಅದ್ದಿದ್ದು ಗಟ್ಟಿಯಾಗಲು ಹತ್ತು ನಿಮಿಷ ಇಟ್ಟರೆ ಸಾಕು. ಆಮೇಲೆ ಮುಚ್ಚಳದ ಡಬ್ಬಿಯಲ್ಲಿ, ನೆರಳಿನ ಗೂಡಿನಲ್ಲಿ, ಅಂದಿನ ಸಂಜೆಯ ಚಹಾದವರೆಗೆ.